ಸೇರಿಸುವ ಮುಂಚೆ ತಿಪ್ಪಯ್ಯ ಮೇಷ್ಟ್ರು ಹೇಳುತ್ತಿದ್ದ ಮಾತು

ತಿಪ್ಪಯ್ಯ ಮೇಷ್ಟ್ರು ಎಡಗೈ ಚಾಚಿದರು. ಮುಖ್ಯ ಅತಿಥಿಗಳು ಅದರಲ್ಲಿ ತಮ್ಮ ಖಾಲಿ ಟೀ ಲೋಟ ಇಟ್ಟರು.

ಇದು ನಡೆದದ್ದು ಹೊಳಲ್ಕೆರೆಯ ನಮ್ಮ ಶಾಲೆಯ ಧ್ವಜಕಂಬದ ಕೆಳಗೆ, ತೊಂಬತ್ಮೂರನೇ ಇಸವಿಯ ಸ್ವಾತಂತ್ರ್ಯ ದಿನದಂದು. ಸ್ಕೌಟಿನವರು ಕೈ ಕುಲುಕುವುದು ಎಡಗೈಯಲ್ಲಿ. ಹಿಂದೆ ಯಾವುದೋ ದೇಶದ ಯೋಧರು ಗುರಾಣಿ ಹಿಡಿಯುವ ಕೈಯನ್ನೇ ಖಾಲಿ ಮಾಡಿ ಎದುರಿನವನಿಗೆ ಕೊಡುತ್ತಿದ್ದರಂತೆ; ‘ನಿನ್ನ ಮೇಲೆ ನನಗೆ ನಂಬಿಕೆ ಇದೆ’ ಎಂದು ಅದರ ಅರ್ಥವಂತೆ. ಅತಿಥಿಗಳಿಗೆ ಈ ಪುರಾಣ ಯಾರು ಹೇಳಿರಬೇಕು? ನಲವತ್ತು ದಾಟಿದ ಮನುಷ್ಯನೊಬ್ಬ ಖಾಕಿ ಚಡ್ಡಿ ತೊಟ್ಟು ಬಂದು ಎಡಗೈ ಮುಂದೆ ಮಾಡಿದರೆ, ಲೋಟ ತೆಗೆದುಕೊಂಡು ಹೋಗಲು ಬಂದವನೆಂದೇ ಅವರು ತಿಳಿದರು. ಮೇಷ್ಟ್ರು ಒಂದು ಗಳಿಗೆ ಲೋಟವನ್ನು ನೋಡಿದರು. ಬಲಗೈ ಹೇಗೂ ಖಾಲಿ ಇತ್ತು, ಅದರಲ್ಲಿ ಸೆಲ್ಯೂಟ್ ಹೊಡೆದರು. ಎಡಗೈಯಲ್ಲಿ ಲೋಟ, ಬಲಗೈ ಹಣೆಗೆ. ಇಡೀ ಮೈದಾನ ನಕ್ಕಿತು.

ಆಮೇಲೆ ಅವರು ಆ ಲೋಟವನ್ನು ನಲ್ಲಿಗೆ ಒಯ್ದು ತೊಳೆದು ಬೋರಲು ಹಾಕಿದರು.

“ನೀವ್ಯಾಕೆ ತೊಳೆಯೋಕೆ ಹೋದ್ರಿ ಮೇಷ್ಟ್ರೇ?” ಎಂದೆ.

“ಕೈಗೆ ಬಂತಲ್ಲ ಮೇಡಂ,” ಎಂದರು.

ನಾನು ಆ ಶಾಲೆಯಲ್ಲಿ ಇಂಗ್ಲಿಷ್ ಟೀಚರು. ಕಾನ್ವೆಂಟಿನಲ್ಲಿ ಓದಿದವಳು, ಆದ್ದರಿಂದ ಕವಾಯತು ಗೊತ್ತಿರಲೇಬೇಕು ಎಂಬ ತರ್ಕದ ಮೇಲೆ ಹೆಡ್‌ಮಾಸ್ಟರು ಹುಡುಗಿಯರ ಗೈಡ್ಸನ್ನು ನನ್ನ ತಲೆಗೆ ಕಟ್ಟಿದ್ದರು. ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ್ದು ಬಾಯಿ ಮುಚ್ಚಿಕೊಂಡು ಸಾಲಾಗಿ ನಿಲ್ಲುವುದನ್ನು ಮಾತ್ರ. ಉಳಿದದ್ದೆಲ್ಲ ಕಲಿತದ್ದು ತಿಪ್ಪಯ್ಯ ಮೇಷ್ಟ್ರಿಂದ. ಅವರು ಕರಕುಶಲ ಕಲಿಸುವ ಮೇಷ್ಟ್ರು. ಬೆಳಿಗ್ಗೆ ಬೆತ್ತದ ಬುಟ್ಟಿ, ಸಂಜೆ ಸ್ಕೌಟು. ಊರವರ ನಾಲಿಗೆಗೆ ‘ಸ್ಕೌಟು’ ತಿರುಗದೆ ಅದು ‘ಸೌಟು’ ಆಗಿತ್ತು. ಇವರು ಸೌಟು ಮೇಷ್ಟ್ರು. ಮಕ್ಕಳ ಗುಂಪಿಗೆ ‘ದಳ’ ಎನ್ನುವುದು ರೂಢಿ. ಆ ಕಾಲಕ್ಕೆ ರಾಜ್ಯದಲ್ಲಿ ದಳ ಎಂದರೆ ರಾಜಕೀಯ ಪಕ್ಷವೇ ನೆನಪಾಗುತ್ತಿತ್ತು. ಹೀಗಾಗಿ ಒಡೆಯದೆ ಉಳಿದಿರುವ ದಳ ನಮ್ಮದೊಂದೇ ಎಂದು ಸ್ಟಾಫ್ ರೂಮಿನಲ್ಲಿ ನಾನು ಹಾಸ್ಯ ಮಾಡುತ್ತಿದ್ದೆ. ಮೇಷ್ಟ್ರು ಪಾಪ, ಪ್ರತಿ ಸಲವೂ ಹೊಸದಾಗಿ ಕೇಳಿದವರಂತೆ ನಗುತ್ತಿದ್ದರು.

ಅವರ ಒಂದು ಪದ್ಧತಿ ಇತ್ತು. ಯಾವ ಮಗುವನ್ನೂ ಶಾಲೆಯಲ್ಲೇ ಹೆಸರು ಬರೆದುಕೊಂಡು ಸೇರಿಸಿಕೊಳ್ಳುತ್ತಿರಲಿಲ್ಲ. ಮಗುವಿನ ಮನೆಗೆ ಹೋಗಿ, ಹೆತ್ತವರ ಎದುರು ನಿಂತು, ಏನೇನು ಕಷ್ಟವಿದೆ ಎಂದು ಮೊದಲೇ ಹೇಳಿಬಿಡುತ್ತಿದ್ದರು. ಬೇರೆ ಊರಿನ ಸ್ಕೌಟ್ ಮೇಷ್ಟ್ರುಗಳು ಸರ್ಟಿಫಿಕೇಟು, ಕಾಲೇಜು ಸೀಟು, ರಾಜ್ಯಪಾಲರ ಕೈಯಿಂದ ಪ್ರಶಸ್ತಿ ಎಂದು ಆಸೆ ಹುಟ್ಟಿಸುತ್ತಿದ್ದರೆ ಇವರು ಹೆದರಿಸುತ್ತಿದ್ದರು. ಸಂಬಂಧ ಕುದುರಿಸಲು ಹೋದವನು ಹುಡುಗನ ಕೆಮ್ಮಿನ ಬಗ್ಗೆ ಮೊದಲು ಮಾತೆತ್ತಿದ ಹಾಗೆ.

ಮುರುಗಪ್ಪನವರ ಮನೆಗೆ ಹೋದಾಗ ನಾನೂ ಜೊತೆಗಿದ್ದೆ. ಅವರು ಮಾರ್ಕೆಟ್ ಯಾರ್ಡಿನಲ್ಲಿ ಅಡಿಕೆ ವ್ಯಾಪಾರ ಮಾಡುವವರು. ಮಗ ಚೇತನ್‌ಕುಮಾರ್ ಆರನೇ ಕ್ಲಾಸು, ದಳಕ್ಕೆ ಸೇರಲೇಬೇಕೆಂದು ಎರಡು ದಿನದಿಂದ ಮುಖ ಗಂಟು ಹಾಕಿಕೊಂಡಿದ್ದ. ಸೇರಿದ ಮೇಲೆ ಹಗ್ಗಕ್ಕೆ ಹಾಕುವ ಗಂಟುಗಳೇ ಬೇರೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

“ಒಳಗ್ ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ,” ಎಂದರು ಮುರುಗಪ್ಪ. ಬಾಯಿ ಒಳಗೆ ಕರೆಯಿತು, ಕೈ ಜಗಲಿ ತೋರಿಸಿತು.

“ಇರ್ಲಿ ಬಿಡ್ರಿ. ಈ ಬೂಟಿನ ಲಾಡಿ ಬಿಚ್ಚಿ ಕಟ್ಟೋದ್ರಾಗೆ ಹೊತ್ತು ಹೋಗ್ತೈತೆ,” ಎಂದು ಮೇಷ್ಟ್ರು ಮೆಟ್ಟಿಲ ಬಳಿಯೇ ನಿಂತರು.

ಆ ಬೂಟಿನ ಲಾಡಿಯನ್ನು ನಾನು ಎಷ್ಟೋ ಮನೆಗಳ ಮೆಟ್ಟಿಲ ಬಳಿ ಕೇಳಿದ್ದೇನೆ. ಮೇಷ್ಟ್ರ ಮನೆ ಇದ್ದದ್ದು ಕೊನೆಯ ಬೀದಿಯೂ ಮುಗಿದ ಮೇಲೆ, ಊರು ತನ್ನ ಹೆಸರು ಬಿಟ್ಟು ‘ಕಾಲೋನಿ’ ಎನ್ನಿಸಿಕೊಳ್ಳುವ ಕಡೆ. ಯಾವ ಹೊಸಿಲು ಎಷ್ಟು ಎತ್ತರ ಎಂದು ಅವರು ದೂರದಿಂದಲೇ ಅಳೆಯುತ್ತಿದ್ದರು. ಮನೆಯವರಿಗೆ ಸಂಕಟವಾಗುವ ಮುಂಚೆ ತಾವೇ ಒಂದು ನೆಪ ಕೊಟ್ಟು ಅವರನ್ನು ಪಾರು ಮಾಡುತ್ತಿದ್ದರು. ಮುರುಗಪ್ಪನವರ ಮುಖ ಸಡಿಲವಾಯಿತು. ನನಗೆ ಒಳಗೆ ಕುರ್ಚಿ ಹಾಕಿದರು. ನಾನೂ ಬೂಟಿಲ್ಲದ ಕಾಲಿನಲ್ಲಿ ಹೊರಗೇ ನಿಂತೆ.

“ಮೊದ್ಲು ಪೂರ್ತಿ ಕೇಳ್ಕಳ್ರಿ, ಆಮ್ಯಾಗೆ ಸೇರಿಸ್ರಿ,” ಎಂದು ಮೇಷ್ಟ್ರು ಶುರು ಮಾಡಿದರು. “ಕ್ಯಾಂಪಿಗೆ ಹೋದ್ರೆ ನಿಮ್ಮ ಹುಡುಗ ತನ್ನ ಬಟ್ಟೆ ತಾನೇ ಒಗ್ಕಬೇಕು. ತಟ್ಟೆ ತಾನೇ ತೊಳ್ಕಬೇಕು. ಟೆಂಟಿನಾಗೆ ಮಲಗ್ಬೇಕು, ಸೊಳ್ಳೆ ಕಡೀತಾವೆ. ಪಾಯಖಾನೆಗೆ ಗುಂಡಿ ಅವರೇ ತೋಡ್ಬೇಕು.”

“ಅಯ್ಯಯ್ಯೋ! ನಮ್ಮ ಮಗ ಗುಂಡಿ ತೋಡೋದಾ?” ಎಂದು ಒಳಗಿನಿಂದ ಮುರುಗಪ್ಪನವರ ತಾಯಿ ದ್ಯಾಮಮ್ಮನ ದನಿ ಬಂತು.

“ತೋಡ್ಲಿ ಬಿಡವ್ವ. ಇಲ್ಲಿ ಉಂಡ ತಟ್ಟೇನೂ ಎತ್ತಲ್ಲ ಅವನು,” ಎಂದರು ಚೇತನನ ತಾಯಿ ಏಕಾಂತಮ್ಮ, ನಗುತ್ತ.

“ಇನ್ನೊಂದೈತೆ,” ಎಂದರು ಮೇಷ್ಟ್ರು. ಆ ಮಾತಿಗೆ ಬರುವಾಗ ಅವರು ತಲೆಯ ಮೇಲಿನ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದರು. “ಅಡುಗೆ ಮಕ್ಳೇ ಮಾಡೋದು. ಸರದಿ ಮ್ಯಾಲೆ. ಇವತ್ತು ಒಬ್ಬ, ನಾಳೆ ಒಬ್ಬ. ಒಲೆ ಮುಂದೆ ಯಾರ ಮನೆ ಹುಡುಗ ಕುಂತಿದ್ರೂ ಎಲ್ರೂ ಉಣ್ಬೇಕು. ಯಾರು ಮಾಡಿದ್ದು ಅಂತ ನಾನು ಕೇಳಲ್ಲ, ನೀವೂ ಕೇಳಂಗಿಲ್ಲ. ಒಪ್ಪಿಗೆ ಇದ್ರೆ ಕಳಿಸ್ರಿ. ಇಲ್ಲಾಂದ್ರೆ ಬ್ಯಾಡ. ನಂಗೇನ್ ಬೇಜಾರಿಲ್ಲ.”

ಗಂಡ ಹೆಂಡತಿ ಮುಖ ನೋಡಿಕೊಂಡರು. ಚೇತನ ಅಳುವುದಕ್ಕೆ ಸಿದ್ಧನಾಗಿ ನಿಂತಿದ್ದ.

“ಅದಕ್ಕೇನಂತೆ ಮೇಷ್ಟ್ರೇ. ಮಕ್ಳು ಮಕ್ಳೇ ಅಲ್ವ,” ಎಂದರು ಏಕಾಂತಮ್ಮ.

ಇದೇ ಉತ್ತರವನ್ನು ಬಹಳ ಮನೆಗಳು ಕೊಟ್ಟವು. ಕೆಲವು ಮನೆಗಳು ಕೊಡಲಿಲ್ಲ; ಆ ಮಕ್ಕಳು ಸೇರಲಿಲ್ಲ, ಮೇಷ್ಟ್ರು ಮತ್ತೆ ಕೇಳಲೂ ಇಲ್ಲ. ಒಪ್ಪಿದ ಮನೆಗಳ ಮಕ್ಕಳಿಂದಲೇ ದಳ ತುಂಬಿತು. ಮೇಷ್ಟ್ರಿಗೆ ಅದೊಂದು ದೊಡ್ಡ ಸಮಾಧಾನ. “ಮುಚ್ಚುಮರೆ ಮಾಡಿ ಸೇರಿಸ್ಕಂಡಿಲ್ಲ ಮೇಡಂ. ಎಲ್ಲ ಹೇಳೀನಿ, ಎಲ್ಲ ಒಪ್ಪ್ಯಾರೆ,” ಎನ್ನುತ್ತಿದ್ದರು.

ಕಾಲೋನಿಯಿಂದ ದಳದಲ್ಲಿದ್ದವನು ಒಬ್ಬನೇ, ಮೇಷ್ಟ್ರ ಮಗ ದುರ್ಗೇಶ್. ಶಾಲೆಯಲ್ಲಿ, ಕ್ಯಾಂಪಿನಲ್ಲಿ ಅವನು ಅಪ್ಪನನ್ನು ‘ಸಾರ್’ ಎನ್ನಬೇಕು. ಯೂನಿಫಾರ್ಮ್ ತೊಟ್ಟ ಮೇಲೆ ಅಪ್ಪ ಮಗ ಇಲ್ಲ ಎಂದು ಮೇಷ್ಟ್ರ ಕಟ್ಟಪ್ಪಣೆ. ಓದಿನಲ್ಲಿ ಅಷ್ಟಕ್ಕಷ್ಟೇ, ಇಂಗ್ಲಿಷಿನಲ್ಲಿ ನನ್ನ ಪ್ರಾಣ ತಿನ್ನುತ್ತಿದ್ದ. ಆದರೆ ಮೂರು ಕಲ್ಲು, ಒಂದಿಷ್ಟು ಹಸಿ ಕಟ್ಟಿಗೆ ಕೊಟ್ಟರೂ ಒಲೆ ಹೊತ್ತಿಸಿ, ತಳ ಹಿಡಿಯದಂತೆ ಅನ್ನ ಇಳಿಸುತ್ತಿದ್ದ. ಕಲಿಸಿದ್ದು ತಾಯಿ ಮುದ್ದಕ್ಕ. ಆಕೆ ಅಡಿಕೆ ಕಾಲದಲ್ಲಿ ಮುರುಗಪ್ಪನವರ ಅಂಗಳಕ್ಕೇ ಸುಲಿಯಲು ಹೋಗುತ್ತಿದ್ದಳು. ಮನೆಗೆ ಬರುವುದು ತಡವಾಗುತ್ತಿತ್ತು, ಮಗ ಒಲೆ ಮುಂದೆ ಕೂರುವುದು ಹಾಗೆ ರೂಢಿಯಾಯಿತು. ಆಕೆ ಸುಲಿದ ಅಡಿಕೆ ಮಾತ್ರ ಎಲ್ಲರ ಮನೆಯ ತಾಂಬೂಲಕ್ಕೂ ನಡೆಯುತ್ತಿತ್ತು.

ದುರ್ಗೇಶ್ ಮತ್ತು ಚೇತನ ಒಂದೇ ತಂಡ, ಒಂದೇ ಟೆಂಟು. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಗೆ ಮೊದಲ ಸಲ ಕರೆದುಕೊಂಡು ಹೋದಾಗ ಮೇಷ್ಟ್ರು ದಾರಿ ಗುರುತುಗಳನ್ನು ಕಲಿಸಿದರು. ಕಡ್ಡಿಯಲ್ಲಿ ಬಾಣ ಮಾಡಿಟ್ಟರೆ ‘ಈ ದಾರಿ’. ಕತ್ತರಿಯಂತೆ ಅಡ್ಡ ಇಟ್ಟರೆ ‘ಈ ದಾರಿ ಬೇಡ’. ಕಲ್ಲುಗಳ ಒಂದು ಸುತ್ತು, ನಡುವೆ ಒಂದು ಕಲ್ಲು ಇಟ್ಟರೆ ‘ನನ್ನ ಕೆಲಸ ಮುಗಿಯಿತು, ಮನೆಗೆ ಹೋದೆ’. ಅವತ್ತು ಇಬ್ಬರೂ ಗುಹೆಯ ಬಾಯಿಯಲ್ಲಿ ಕಲ್ಲಿನ ಸುತ್ತು ಹಾಕಿ ಬಂಡೆ ಹಿಂದೆ ಅಡಗಿ ಕುಳಿತರು. ಮನೆಗೆ ಹೋದರೆಂದು ನಂಬಿ ನಾವು ಬಸ್ ಸ್ಟ್ಯಾಂಡಿನವರೆಗೆ ಬಂದು ಮತ್ತೆ ಓಡಿದೆವು. ಸಿಕ್ಕಾಗ ಮೇಷ್ಟ್ರು ಇಬ್ಬರ ಕಿವಿಯನ್ನೂ ಒಟ್ಟಿಗೆ ಹಿಂಡಿದರು.

“ಮನೆಗೆ ಹೋದೆ ಅಂತ ಗುರುತು ಇಟ್ಟ ಮ್ಯಾಲೆ ಹೋಗ್ಬೇಕು ಕಣ್ರಲೇ. ಸುಳ್ಳು ಗುರುತು ಇಡಬಾರ್ದು,” ಎಂದರು.

ತೊಂಬತ್ತೈದರ ಜನವರಿಯಲ್ಲಿ ಚಂದ್ರವಳ್ಳಿ ಹಾದಿಯ ಹುಣಸೆ ತೋಪಿನಲ್ಲಿ ದೊಡ್ಡ ಕ್ಯಾಂಪು ಏರ್ಪಾಟಾಯಿತು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ನಾಲ್ಕೂ ಕಡೆಯ ದಳಗಳು. ಕೊನೆಯ ದಿನ ಭಾನುವಾರ, ಪೋಷಕರ ದಿನ. ಹೆತ್ತವರು ಬರುತ್ತಾರೆ, ಟೆಂಟು ನೋಡುತ್ತಾರೆ, ಆಯಾ ದಳದ ಮಕ್ಕಳು ಮಾಡಿದ ಅಡುಗೆಯನ್ನು ಮಕ್ಕಳ ಕೈಯಲ್ಲೇ ಬಡಿಸಿಕೊಂಡು ಉಣ್ಣುತ್ತಾರೆ. ಚೀಟಿ ಎತ್ತಿದಾಗ ಆ ದಿನದ ಅಡುಗೆಯ ಸರದಿ ದುರ್ಗೇಶನಿಗೆ ಬಂತು.

ಅವತ್ತಿನಿಂದ ಮೇಷ್ಟ್ರ ಮನೆಯಲ್ಲಿ ದಿನಾ ಸಂಜೆ ಹೆಸರುಕಾಳು ಸಾರು, ಗೋಧಿ ರವೆ ಪಾಯಸ. ಕಾಲೋನಿಯ ಮಕ್ಕಳೆಲ್ಲ ಲೋಟ ಹಿಡಿದು ಬಂದು ರುಚಿ ನೋಡಿ ಹೋಗುತ್ತಿದ್ದರು. ಮುದ್ದಕ್ಕ ಒಂದು ದಿನ ನನ್ನನ್ನು ದಾರಿಯಲ್ಲಿ ತಡೆದು, “ಏನ್ ಪಾಯಸ ಅಂತ ಮಾಡ್ಸೀರವ್ವ, ಬೆಲ್ಲದ ಡಬ್ಬಿ ತಳ ಕಾಣ್ತೈತೆ. ನಮ್ಮ ಯಜಮಾನ್ರಂತೂ ದಿನಾ ಉಂಡು, ‘ಇನ್ನೊಂಚೂರು ಏಲಕ್ಕಿ’ ಅಂತಾರೆ. ಏಲಕ್ಕಿ ಏನ್ ನಮ್ಮ ಹಿತ್ಲಾಗೆ ಬೆಳೀತೈತಾ?” ಎಂದು ಜಗಳ ತೆಗೆದಳು. ಜಗಳ ಆಡುವಾಗಲೂ ಆಕೆಯ ಮುಖದಲ್ಲಿ ಹಬ್ಬ.

ಮೇಷ್ಟ್ರು ಬಾಯಿ ಬಿಟ್ಟು ಹೇಳಿದವರಲ್ಲ. ಆದರೆ ಅವರಿಗೆ ಏನು ಬೇಕಿತ್ತು ಎಂದು ಶಾಲೆಯ ಗಂಟೆ ಬಡಿಯುವವನಿಗೂ ಗೊತ್ತಿತ್ತು. ತಾವು ಯಾವ ಮನೆಗಳ ಮೆಟ್ಟಿಲ ಬಳಿ ನಿಂತು ಬಂದಿದ್ದರೋ, ಆ ಮನೆಗಳವರೆಲ್ಲ ಒಂದು ಸಲ ಪಂಕ್ತಿಯಲ್ಲಿ ಕುಳಿತು ತಮ್ಮ ಮಗ ಮಾಡಿದ್ದನ್ನು ಉಣ್ಣಬೇಕು. ಒಂದೇ ಸಲ. ದುರ್ಗೇಶನ ಆಸೆ ಇನ್ನೂ ಚಿಕ್ಕದು. ಅವನು ಚೇತನನನ್ನು ಕರೆಯಲು ಹೋದಾಗಲೆಲ್ಲ ಏಕಾಂತಮ್ಮ ಜಗಲಿಗೆ ಬಂದು ಕಾಗದದಲ್ಲಿ ಕೊಬ್ಬರಿ ಮಿಠಾಯಿ ಕೊಡುತ್ತಿದ್ದರು. ‘ನಮ್ಮ ಚೇತನಂಗೆ ಒಲೆ ಹಚ್ಚೋದು ಕಲಿಸಿದ್ಯಂತಲ್ಲೋ, ಜಾಣ’ ಎಂದು ಕೆನ್ನೆ ಸವರಿದಂತೆ ದೂರದಿಂದಲೇ ಗಾಳಿ ಸವರುತ್ತಿದ್ದರು. ಒಳ್ಳೆಯ ಹೆಂಗಸು, ಅದರಲ್ಲಿ ಎರಡು ಮಾತಿಲ್ಲ.

“ಮಿಸ್, ಚೇತನ್ ಅವ್ವಂಗೆ ಪಾಯಸ ದ್ರಾಕ್ಷಿ ಹಾಕಿದ್ರೆ ಸೇರ್ತೈತೋ, ಹಾಕ್ದಿದ್ರೆ ಸೇರ್ತೈತೋ?” ಎಂದು ಅವನು ನನ್ನನ್ನು ಕೇಳಿದ್ದ. ಇಂಗ್ಲಿಷ್ ಪಾಠದಲ್ಲಿ ಅವನು ಕೇಳಿದ ಒಂದೇ ಪ್ರಶ್ನೆ ಅದು.

“ಹಾಕು,” ಎಂದೆ.

ಭಾನುವಾರ ಬೆಳಗಿನ ಜಾವವೇ ಅವನು ಒಲೆ ಹಚ್ಚಿದ. ಚೇತನ ನೀರು ಹೊತ್ತು ತಂದ, ಕಾಳು ಆರಿಸಿದ, ಹೊಗೆಗೆ ಕಣ್ಣು ಉಜ್ಜಿಕೊಂಡು ಅತ್ತ. ಕೋಟೆಯ ಕಡೆಯ ಕೋತಿಗಳು ವಾಸನೆ ಹಿಡಿದು ಬಂದು ಹುಣಸೆ ಮರದ ಮೇಲೆ ಸಾಲಾಗಿ ಕುಳಿತವು. ಹನ್ನೆರಡರ ಹೊತ್ತಿಗೆ ಎಲ್ಲ ಸಿದ್ಧ. ಅನ್ನದ ಮೇಲೆ ಬಾಳೆಲೆ ಮುಚ್ಚಿ, ಪಾಯಸದ ಪಾತ್ರೆಗೆ ಬಟ್ಟೆ ಕಟ್ಟಿ, ಸ್ಕಾರ್ಫ್ ಸರಿ ಮಾಡಿಕೊಂಡು ಅವನು ಸೌಟು ಹಿಡಿದು ನಿಂತ. ನಿಜವಾಗಿಯೂ ಸೌಟಿನ ಸ್ಕೌಟು.

ಹೊಳಲ್ಕೆರೆ ಬಸ್ಸು ಬಂತು. ಪೋಷಕರು ಇಳಿದರು. ಮುರುಗಪ್ಪನವರ ಕೈಯಲ್ಲಿ ಒಂದು ಊಟದ ಕ್ಯಾರಿಯರ್ ಇತ್ತು.

ಅವರ ಹಿಂದೆ ಇಳಿದ ಇನ್ನೊಬ್ಬ ಹುಡುಗನ ಅಪ್ಪ, ಕಂಡಕ್ಟರ್ ಓಬಣ್ಣನ ಕೈಯಲ್ಲೂ ಒಂದು ಇತ್ತು. ಅವರ ಹಿಂದಿನವರದ್ದು ಬುತ್ತಿ ಗಂಟು. ಅದರ ಹಿಂದಿನದು ಡಬ್ಬಿ, ಅದರ ಹಿಂದಿನದು ಮತ್ತೆ ಕ್ಯಾರಿಯರ್. ಯಾರೂ ಯಾರೊಂದಿಗೂ ಮಾತಾಡಿಕೊಂಡು ಬಂದಿರಲಿಲ್ಲ. ಬಸ್ಸಿನಲ್ಲಿ ಒಬ್ಬರ ಕ್ಯಾರಿಯರ್ ಇನ್ನೊಬ್ಬರು ನೋಡಿ ಅವರಿಗೇ ಆಶ್ಚರ್ಯವಾಗಿತ್ತೇನೋ. ಸ್ಕೌಟಿನ ಧ್ಯೇಯವಾಕ್ಯ ‘ಸಿದ್ಧರಾಗಿರಿ’ ಎಂದು. ಅದನ್ನು ಅವತ್ತು ಚಾಚೂ ತಪ್ಪದೆ ಪಾಲಿಸಿದವರು ಪೋಷಕರು.

ಒಬ್ಬರಾದರೂ ಒಂದು ಕೆಟ್ಟ ಮಾತು ಆಡಲಿಲ್ಲ. ಆಡಿದ್ದರೆ ಬಹುಶಃ ಮೇಷ್ಟ್ರಿಗೆ ಉತ್ತರ ಕೊಡಲು ಬರುತ್ತಿತ್ತು. ಎಲ್ಲರೂ ಟೆಂಟು ನೋಡಿದರು, ಹಗ್ಗದ ಗಂಟು ನೋಡಿದರು, ಒಲೆ ನೋಡಿ ಮೆಚ್ಚಿದರು. “ಎಷ್ಟು ಚೆಂದಾಗಿ ಮಾಡ್ಯಾನಪ್ಪ ಹುಡುಗ!” ಎಂದರು. ಆಮೇಲೆ ಮರದ ನೆರಳಿಗೆ ಒಂದೊಂದು ಸಂಸಾರ ಒಂದೊಂದು ಟವೆಲು ಹಾಸಿತು. “ಮಕ್ಳಿಗೆ ಯಾಕೆ ತೊಂದ್ರೆ ಅಂತ ತಂದ್ವಿ ಮೇಷ್ಟ್ರೇ,” ಎಂದರು ಒಬ್ಬರು. “ನಂಗೆ ಶುಗರ್ರು, ಹೊರಗಡೆದು ಆಗಲ್ಲ,” ಎಂದ ಓಬಣ್ಣ, ಹೋಳಿಗೆ ಮುರಿಯುತ್ತ. ಮಕ್ಕಳ ವಿಷಯ ಹೇಳುವುದೇ ಬೇಡ. ಐದು ದಿನದಿಂದ ಮನೆ ಊಟ ಕಾಣದ ಮಕ್ಕಳು. ಅವ್ವನ ಡಬ್ಬಿ ಮುಚ್ಚಳ ತೆಗೆದ ಸದ್ದಿಗೆ ಹಕ್ಕಿಗಳಂತೆ ಓಡಿದವು. ಅವರನ್ನು ಯಾವ ಬಾಯಿಂದ ಬೈಯುವುದು?

ಚೇತನ ಮಾತ್ರ ತಟ್ಟೆ ಹಿಡಿದು ಒಲೆ ಬಳಿಯೇ ನಿಂತಿದ್ದ.

“ಲೇ ಚೇತನ, ಬಾರ್ಲೇ ಇಲ್ಲಿ,” ಎಂದರು ಮುರುಗಪ್ಪ.

“ಇಲ್ಲೇ ಉಣ್ತೀನಪ್ಪ. ಪಾಯಸ ಐತೆ.”

“ಬಾ ಅಂದೆ.”

ಚೇತನ ದುರ್ಗೇಶನ ಕಡೆ ನೋಡಿದ. ದುರ್ಗೇಶನೇ ಕಣ್ಣಿನಲ್ಲಿ ‘ಹೋಗು’ ಎಂದ. ಅವನು ಹೋದ, ತಟ್ಟೆಯನ್ನು ಅಲ್ಲೇ ಕಲ್ಲಿನ ಮೇಲೆ ಇಟ್ಟು.

ಸ್ವಲ್ಪ ಹೊತ್ತಿಗೆ ಏಕಾಂತಮ್ಮನೇ ಎದ್ದು ಬಂದರು. ಎಲೆಯಲ್ಲಿ ಎರಡು ಹೋಳಿಗೆ, ಮೇಲೆ ತುಪ್ಪ. “ತಗಳಪ್ಪ ದುರ್ಗೇಶ, ನಿಂಗೂ ಅಂತಾನೇ ತಂದೀನಿ. ಬೆಳಗಿಂದ ಒಲೆ ಮುಂದೆ ಬೆಂದಿದ್ಯ,” ಎಂದು ಒಲೆಯ ಪಕ್ಕದ ಕಲ್ಲಿನ ಮೇಲೆ ಇಟ್ಟರು. ಅವರ ದನಿಯಲ್ಲಿದ್ದ ಅಕ್ಕರೆ ಸುಳ್ಳಲ್ಲ. ಅವನು ಹೋಳಿಗೆ ತಿಂದ. ಪೂರ್ತಿ ತಿಂದ. ಕೈ ಒರೆಸಿಕೊಂಡು, ಪಾಯಸದ ಬಟ್ಟೆ ಬಿಚ್ಚಿ, ಒಂದು ಬಟ್ಟಲಿಗೆ ಹಾಕಿ ಎರಡೂ ಕೈಯಲ್ಲಿ ಹಿಡಿದ.

“ನೀವೂ ಒಂಚೂರು ಉಣ್ರಿ ಅಮ್ಮ. ದ್ರಾಕ್ಷಿ ಹಾಕೀನಿ.”

“ಅಯ್ಯೋ, ನಂಗೆ ಇವತ್ತು ಸೋಮವಾರದ ಒಪ್ಪತ್ತು ಕಣಪ್ಪ. ಏನೂ ಮುಟ್ಟಂಗಿಲ್ಲ.”

“ಇವತ್ತು ಭಾನುವಾರ ಅಮ್ಮ.”

ಏಕಾಂತಮ್ಮ ತಬ್ಬಿಬ್ಬಾದರು. ಮುಖ ಕೆಂಪಾಯಿತು. “ಹೌದಲ್ಲ… ಭಾನುವಾರಾನೂ ಮಾಡ್ತೀನಿ ನಾನು,” ಎಂದರು. ಅಷ್ಟು ಹೇಳಿ ಅವರಿಗೂ ಅಳು ಬಂದ ಹಾಗೆ ಆಯಿತೇನೋ, ತಿರುಗಿ ಬೇಗ ಬೇಗ ನಡೆದರು.

ಹುಡುಗ ಬಟ್ಟಲು ಹಿಡಿದೇ ನಿಂತಿದ್ದ.

ಉಂಡವರು ಇಷ್ಟೇ ಜನ: ಮೇಷ್ಟ್ರು, ನಾನು, ಮತ್ತು ಮುದ್ದಕ್ಕ. ನಾನು ಎರಡು ಸಲ ಹಾಕಿಸಿಕೊಂಡೆ. ಅದರಲ್ಲಿ ದೊಡ್ಡಸ್ತಿಕೆ ಏನಿಲ್ಲ, ಹೊಟ್ಟೆ ಹಸಿದಿತ್ತು, ಸಾರು ಚೆನ್ನಾಗಿತ್ತು. ಮುದ್ದಕ್ಕ ಮದುವೆಗೆ ಉಡುವ ಸೀರೆ ಉಟ್ಟು ಬಂದಿದ್ದಳು. ಬಸ್ಸಿನಲ್ಲಿ ಎಲ್ಲರ ಜೊತೆಗೇ ಬಂದಿದ್ದರಿಂದ ಕ್ಯಾರಿಯರುಗಳನ್ನು ಮೊದಲು ನೋಡಿದ್ದವಳು ಅವಳೇ. ದಾರಿಯುದ್ದಕ್ಕೂ ಅವಳಿಗೆ ಗೊತ್ತಿತ್ತು. ಪಂಕ್ತಿಗೆಂದು ಹಾಸಿದ್ದ ಉದ್ದ ಚಾಪೆಯ ಮೇಲೆ ಒಬ್ಬಳೇ ಕುಳಿತಳು. “ಹಾಕ್ಲೇ ಮಗ,” ಎಂದಳು. ಉಂಡಳು. “ಇನ್ನೊಂಚೂರು ಹಾಕು,” ಎಂದಳು. ಮತ್ತೆ ಉಂಡಳು. ನೀರು ಕುಡಿದು ಅನ್ನ ನೂಕಿ, ಮತ್ತೆ ಎಲೆ ಮುಂದೆ ಮಾಡಿದಳು.

“ಸಾಕು ಬಿಡವ್ವ,” ಎಂದ ದುರ್ಗೇಶ್.

“ಉಪ್ಪು ಸರಿಯಾಗೈತೆ ಮಗ. ಹಾಕು,” ಎಂದಳು. ಒಬ್ಬಳು ತಾಯಿ ಇಡೀ ಊರಿನ ಪಾಲು ಉಣ್ಣಲು ನೋಡುತ್ತಿದ್ದಳು. ಆಗುತ್ತದೆಯೇ?

ಮೇಷ್ಟ್ರು ಸೀಟಿ ಊದಿದರು. ಎಲ್ಲರೂ ಕೈ ತೊಳೆದು ಬಂದು ಸೇರಿದಾಗ ಅವರು ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಹೇಳಿದರು: “ಪೋಷಕರು ದೂರದಿಂದ ಬಂದಿದ್ದೀರಿ. ಮಕ್ಕಳಿಗೆ ತೊಂದರೆ ಆಗಬಾರದು ಅಂತ ಊಟಾನೂ ತಂದಿದ್ದೀರಿ. ದಳದ ಪರವಾಗಿ ವಂದನೆ.” ಯಾರೋ ಚಪ್ಪಾಳೆ ತಟ್ಟಿದರು. ಬೂಟಿನ ಲಾಡಿಯ ನೆಪವನ್ನು ಅವರು ಇಡೀ ಬಸ್ಸಿಗೆ ಹಂಚಿಬಿಟ್ಟರು.

ಕ್ಯಾಂಪು ಎತ್ತುವ ಮುಂಚೆ ಉಳಿದದ್ದನ್ನು ಎಸೆಯುವಂತಿಲ್ಲ; ಗುಂಡಿ ತೋಡಿ, ಅದರಲ್ಲಿ ಹಾಕಿ, ಮಣ್ಣು ಮುಚ್ಚಬೇಕು. ಸ್ಕೌಟಿನ ಕಾನೂನು. ಕೋತಿಗಳಿಗೆ ಹಾಕೋಣ ಎಂದ ಹೊಸದುರ್ಗದ ಹುಡುಗನೊಬ್ಬ. ದುರ್ಗೇಶ್ ಒಪ್ಪಲಿಲ್ಲ. ತಾನೇ ಗುದ್ದಲಿ ಹಿಡಿದು ಅಗೆದ. ಅನ್ನ ಸುರಿದ, ಸಾರು ಸುರಿದ, ಪಾಯಸ ಸುರಿದ. ಅನ್ನದ ಮೇಲೆ ದ್ರಾಕ್ಷಿಗಳು ಒಂದೊಂದಾಗಿ ಕಂಡವು. ಮಣ್ಣು ಮುಚ್ಚಿ ಕಾಲಿನಿಂದ ತುಳಿದು ಸಮ ಮಾಡಿದ. ಆಮೇಲೆ ಒಲೆಯ ಸುತ್ತಲಿಂದ ಕಲ್ಲುಗಳನ್ನು ಆರಿಸಿ ತಂದು ಅದರ ಮೇಲೆ ಒಂದು ಸುತ್ತು ಇಟ್ಟ. ನಡುವೆ ಒಂದು ಕಲ್ಲು ಇಟ್ಟ.

ಮೇಷ್ಟ್ರು ಅವನ ಹಿಂದೆ ನಿಂತಿದ್ದರು. ಹುಡುಗ ತಿರುಗಿ ನೋಡಿ, ಯೂನಿಫಾರ್ಮಿನಲ್ಲಿದ್ದೇನೆ ಎಂಬುದನ್ನು ಮರೆತು ಹೇಳಿದ:

“ಅಪ್ಪ, ಮನೆಗೆ ಹೋಗಾಣ.”

ಮೇಷ್ಟ್ರು ತಿದ್ದಲಿಲ್ಲ.

ವಾಪಸು ಬಸ್ಸಿನಲ್ಲಿ ಖಾಲಿ ಕ್ಯಾರಿಯರುಗಳು ಹೊಳಲ್ಕೆರೆವರೆಗೂ ಒಂದಕ್ಕೊಂದು ತಾಗಿ ಗಣಗಣ ಎನ್ನುತ್ತಿದ್ದವು. ಚೇತನ ಮುಂದಿನ ಸೀಟಿನಲ್ಲಿ ಅವ್ವನ ತೊಡೆಯ ಮೇಲೆ ಮಲಗಿದ್ದ, ಅಥವಾ ಮಲಗಿದಂತೆ ಕಣ್ಣು ಮುಚ್ಚಿದ್ದ. ನನ್ನ ಪಕ್ಕದಲ್ಲಿ ಕುಳಿತ ಮೇಷ್ಟ್ರು, “ತಪ್ಪು ನಂದೇ ಮೇಡಂ,” ಎಂದರು.

“ನಿಮ್ದೇನು ತಪ್ಪು?”

“ಮಕ್ಳು ಉಣ್ಬೇಕು ಅಂತ ಹೇಳಿದ್ದೆ, ಅದಕ್ಕೆ ಒಪ್ಪಿದ್ರು, ಮಕ್ಳು ಐದು ದಿನ ಉಂಡ್ರು. ನೀವೂ ಉಣ್ಬೇಕು ಅಂತ ನಾನು ಯಾರ ಮನೇಲೂ ಹೇಳಿರ್ಲಿಲ್ಲ. ಹೇಳ್ದಿದ್ದಕ್ಕೆ ಅವರನ್ನ ಯಾಕನ್ಬೇಕು? ಮುಂಚೇನೇ ಹೇಳ್ಬೇಕಿತ್ತು.”



ದುರ್ಗೇಶ್ ಮಾರನೆಯ ವಾರ ಸ್ಕಾರ್ಫನ್ನು ಒಗೆದು, ಮಡಚಿ, ಅಪ್ಪನ ಟ್ರಂಕಿನ ಮೇಲೆ ಇಟ್ಟ. ಜಗಳವೇನೂ ಆಗಲಿಲ್ಲ. ಚೇತನನೊಂದಿಗೆ ಗೋಲಿ ಆಡುವುದನ್ನು ಬಿಡಲಿಲ್ಲ, ಆದರೆ ಅವನನ್ನು ಕರೆಯಲು ಆ ಮನೆಯ ಜಗಲಿಗೆ ಹೋಗುವುದನ್ನು ಬಿಟ್ಟ. ಬೀದಿ ತಿರುವಿನಲ್ಲಿ ನಿಂತು ಸೀಟಿ ಹೊಡೆಯುತ್ತಿದ್ದ. ಏಕಾಂತಮ್ಮ ಕಾಗದದಲ್ಲಿ ಮಿಠಾಯಿ ಸುತ್ತಿ ಮಗನ ಕೈಯಲ್ಲಿ ಕಳಿಸುತ್ತಿದ್ದರು. ಕೆಲವು ದಿನದ ಮೇಲೆ ಅದೂ ನಿಂತಿತು. ಮುಂದೆ ಐ.ಟಿ.ಐ. ಮಾಡಿಕೊಂಡು ಹಿರಿಯೂರಿನಲ್ಲಿ ಮೋಟಾರ್ ಕಟ್ಟುವ ಅಂಗಡಿ ಹಾಕಿದ. ಕೆಲಸಗಾರ ಎಂದು ಹೆಸರಾಯಿತು. ಸುತ್ತಲಿನ ಎಲ್ಲ ಊರುಗಳ ಪಂಪುಗಳೂ ಅವನ ಕೈಗೇ ಬರುತ್ತವೆ. ಮದುವೆಯಾಯಿತು. ಒಲೆ ಹತ್ತಿರ ಮಾತ್ರ ಅವನು ಮತ್ತೆ ಹೋಗಲಿಲ್ಲ.

“ಹೆಂಡ್ತಿ ಬಸುರಿ ಇದ್ದಾಗ್ಲೂ ಒಂದು ಲೋಟ ಕಾಫಿ ಕಾಸಿಕೊಡ್ಲಿಲ್ಲವ್ವ,” ಎಂದು ಮುದ್ದಕ್ಕ ಮುಂದೊಮ್ಮೆ ಸಿಕ್ಕಾಗ ನನ್ನ ಹತ್ತಿರ ಹೇಳಿಕೊಂಡಳು. “ಸೊಸೆ ಕೇಳ್ತಾಳೆ, ‘ನಿಮ್ಮ ಮಗಂಗೆ ಅಡುಗೆ ಬರಲ್ವ ಅತ್ತೆ’ ಅಂತ. ‘ಇಲ್ಲ ಕಣವ್ವ, ಬರಲ್ಲ’ ಅಂದೆ. ಇನ್ನೇನ್ ಹೇಳ್ಲಿ?”

ಈ ನಡುವೆ ನನಗೆ ಹೊಸದುರ್ಗದ ಬೇರೆ ಶಾಲೆಯಲ್ಲಿ ಕೆಲಸ ಸಿಕ್ಕಿ ಹೊಳಲ್ಕೆರೆ ಬಿಟ್ಟೆ. ದಳ ಮುಂದುವರಿಯಿತು. ಮಗ ಬಿಟ್ಟ ಮೇಲೆ ಮೇಷ್ಟ್ರೂ ಬಿಡುತ್ತಾರೆಂದು ಎಲ್ಲರೂ ಅಂದುಕೊಂಡಿದ್ದರು, ಅವರು ಬಿಡಲಿಲ್ಲ. ಪ್ರತಿ ವರ್ಷ ಮಕ್ಕಳ ಮನೆ ಬಾಗಿಲಿಗೆ ಹೋದರು, ಮೆಟ್ಟಿಲ ಬಳಿ ನಿಂತರು, ಕ್ಯಾಂಪು ನಡೆಸಿದರು, ಪೋಷಕರ ದಿನವನ್ನೂ ನಡೆಸಿದರು. ವರ್ಷಗಳು ಕಳೆದ ಹಾಗೆ ಆ ದಿನ ಬರುವ ಕ್ಯಾರಿಯರುಗಳು ಕಡಿಮೆಯಾದವು, ಈಗಂತೂ ಯಾರೂ ತರುವುದೇ ಇಲ್ಲ ಎಂದು ನನ್ನ ಕಿವಿಗೂ ಬಿತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ, ಸ್ಟಾಫ್ ರೂಮಿನಲ್ಲಿ ಎದ್ದು ನಿಂತು ಅದನ್ನು ಎಲ್ಲರಿಗೂ ಹೇಳಿದೆ. ಕಾಲ ಬದಲಾಗುತ್ತದೆ ನೋಡಿ, ಒಬ್ಬ ಮನುಷ್ಯ ಹಿಡಿದ ಹಟ ಬಿಡದಿದ್ದರೆ, ಎಂದು ಸಣ್ಣದೊಂದು ಭಾಷಣವನ್ನೂ ಮಾಡಿದೆ.

ಎರಡು ಸಾವಿರದ ಆರರಲ್ಲಿ ಏನೋ ಕೆಲಸಕ್ಕೆ ಹೊಳಲ್ಕೆರೆಗೆ ಹೋದವಳು ಮೇಷ್ಟ್ರನ್ನು ಕಂಡೆ. ಒಂದು ಹೊಸ ಮನೆಯ ಮೆಟ್ಟಿಲ ಮೇಲೆ ಕುಳಿತು, ಬಿಚ್ಚಿಯೇ ಇಲ್ಲದ ಬೂಟಿನ ಲಾಡಿಯನ್ನು ಬಿಗಿ ಮಾಡಿಕೊಳ್ಳುತ್ತಿದ್ದರು. ರಿಟೈರಾಗಲು ಹತ್ತಿರ, ತಲೆ ಪೂರ್ತಿ ಬಿಳಿ, ಚಡ್ಡಿ ಅದೇ ಖಾಕಿ. ಒಳಗಿನಿಂದ ಹುಡುಗಿಯೊಬ್ಬಳು ‘ಥ್ಯಾಂಕ್ಯೂ ಸಾರ್’ ಎಂದು ಕೂಗುತ್ತಿದ್ದಳು. ಮಾತುಕತೆ ಆಗಲೇ ಮುಗಿದಂತಿತ್ತು, ಮನೆಯವರು ಒಪ್ಪಿದ್ದರು. ನನ್ನನ್ನು ಕಂಡು ಮೇಷ್ಟ್ರು ಎದ್ದು ಎಡಗೈ ಚಾಚಿದರು. ನಾನು ಎಡಗೈಯನ್ನೇ ಕೊಟ್ಟೆ.

“ಎಲ್ಲ ಹೇಳಿದ್ರಾ ಮೇಷ್ಟ್ರೇ? ಸೊಳ್ಳೆ, ಗುಂಡಿ, ಅಡುಗೆ?”

“ಎಲ್ಲ ಹೇಳ್ದೆ ಮೇಡಂ. ಒಂದೂ ಬಿಟ್ಟಿಲ್ಲ.”

“ಪೋಷಕರ ದಿನಕ್ಕೆ ಈಗ ಒಬ್ರೂ ಕ್ಯಾರಿಯರ್ ತರಲ್ವಂತೆ. ಕೇಳಿ ಎಷ್ಟು ಖುಷಿ ಆಯ್ತು ಗೊತ್ತಾ? ಅವತ್ತು ಬಸ್ಸಿನಲ್ಲಿ ಅಂದ್ರಲ್ಲ, ಮುಂಚೇನೇ ಹೇಳ್ಬೇಕಿತ್ತು ಅಂತ. ಈಗ ಏನಂತ ಹೇಳ್ತೀರಿ ಅವರಿಗೆ?”

ಮೇಷ್ಟ್ರು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು.

“ಊಟ ತಡ ಆಗ್ತೈತೆ, ಮನೇಲೇ ಉಂಡ್ಕಂಡು ಬರ್ರಿ ಅಂತೀನಿ ಮೇಡಂ.”